ಫಸ್ಟ್ ಬೇಸ್ ಕಾಯುವುದು ಹೇಗೆ: ಕಾಲು ಮೊದಲು, ಕೈ ಆಮೇಲೆ

ಶಾಲೆಯ ಬೇಸ್‌ಬಾಲ್, ಸಾಫ್ಟ್‌ಬಾಲ್ ತಂಡ ಕಟ್ಟುವಾಗ ಪ್ರತಿ ವರ್ಷ ಇದೇ ನಡೆಯುತ್ತದೆ. ಜೋರಾಗಿ ಎಸೆಯುವವಳು ಪಿಚರ್, ಬ್ಯಾಟರ್‌ಗೆ ಬಾಲ್ ಹಾಕುವವಳು. ಚುರುಕಾದವಳು ಶಾರ್ಟ್‌ಸ್ಟಾಪ್, ಸೆಕೆಂಡ್ ಮತ್ತು ಥರ್ಡ್ ಬೇಸ್ ನಡುವೆ ನಿಲ್ಲುವವಳು. ಪೆಟ್ಟಿಗೆ ಹೆದರದವಳು ಕ್ಯಾಚರ್, ಬ್ಯಾಟರ್ ಹಿಂದೆ ಕೂತು ಬಾಲ್ ಹಿಡಿಯುವವಳು. ಉಳಿದವರಲ್ಲಿ ಸ್ವಲ್ಪ ಎತ್ತರ ಇದ್ದವಳನ್ನು ಕರೆದು, "ನೀ ಫಸ್ಟ್ ಬೇಸ್‌ನ್ಯಾಗ ನಿಂದ್ರವಾ, ಬಂದ ಬಾಲ್ ಹಿಡದ್ರ ಸಾಕು" ಎಂದು ಕಳಿಸಿಬಿಡುತ್ತಾರೆ.

ನನ್ನನ್ನೂ ಹಾಗೇ ಕಳಿಸಿದ್ದರು. ಧಾರವಾಡದಲ್ಲಿ, ಪಿಯುಸಿ ಮೊದಲ ವರ್ಷ. ಅಲ್ಲಿಂದ ಒಂಬತ್ತು ವರ್ಷ ಸಾಫ್ಟ್‌ಬಾಲ್‌ನಲ್ಲಿ ಅದೇ ಜಾಗ ಕಾಯ್ದೆ. ಈಗ ಗದಗದ ಕಡೆ ಹೈಸ್ಕೂಲಿನಲ್ಲಿ ಪಿ.ಇ. ಟೀಚರ್. ಹುಡುಗಿಯರಿಗೆ ಸಾಫ್ಟ್‌ಬಾಲ್, ಹುಡುಗರಿಗೆ ಬೇಸ್‌ಬಾಲ್ ಕಲಿಸುತ್ತೇನೆ. ಮೊದಲ ಸಲ ಆ ಜಾಗಕ್ಕೆ ಹೋಗಿ ನಿಂತು, ಮುಂದೇನು ಅಂತ ತಿಳಿಯದೆ ಆಚೀಚೆ ನೋಡುತ್ತಿರುವವರಿಗೆ ಇದನ್ನು ಬರೆಯುತ್ತಿದ್ದೇನೆ. ಆಟ ಗೊತ್ತಿಲ್ಲದವರಿಗೆ ಒಂದು ಮಾತು: ಬ್ಯಾಟರ್ ನಿಲ್ಲುವ ಜಾಗ ಹೋಮ್ ಪ್ಲೇಟ್. ಬಾಲ್ ಹೊಡೆದ ಮೇಲೆ ಅವಳು ಫಸ್ಟ್, ಸೆಕೆಂಡ್, ಥರ್ಡ್ ಬೇಸ್ ಸುತ್ತಿ ಮತ್ತೆ ಹೋಮ್ ಪ್ಲೇಟ್‌ಗೆ ಬಂದರೆ ಒಂದು ರನ್. ನೆಲಕ್ಕೆ ಬಿದ್ದ ಬಾಲನ್ನು ಎತ್ತಿ ಫಸ್ಟ್ ಬೇಸ್‌ಗೆ ಎಸೆಯುತ್ತಾರೆ; ಅವಳು ತಲುಪುವ ಮೊದಲೇ ನೀವು ಬೇಸ್‌ಗೆ ಕಾಲು ತಾಗಿಸಿ ಬಾಲ್ ಹಿಡಿದರೆ ಅವಳು ಔಟ್.

"ಬಂದ ಬಾಲ್ ಹಿಡಿದರೆ ಸಾಕು" ಅನ್ನುವ ಮಾತನ್ನು ಮೊದಲು ಮರೆತುಬಿಡಿ. ಬಾಲ್ ಸರಿಯಾಗಿ ಬರುವುದೇ ಅಪರೂಪ. ಥರ್ಡ್ ಬೇಸ್‌ನ ಹುಡುಗಿ ಓಡಿ, ಬಗ್ಗಿ, ಬಾಲ್ ಎತ್ತಿ, ತಿರುಗಿ, ಉಸಿರು ಬಿಡುವುದರೊಳಗೆ ಎಸೆದಿರುತ್ತಾಳೆ. ಬೇಸ್‌ಬಾಲ್ ಮೈದಾನದಲ್ಲಿ ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ. ಥರ್ಡ್‌ನಿಂದ ಫಸ್ಟ್‌ಗೆ ಅಡ್ಡಲಾಗಿ ಎಸೆಯಬೇಕು, ಅದು 127 ಅಡಿ ಮೇಲಾಗುತ್ತದೆ. ಸಾಫ್ಟ್‌ಬಾಲ್‌ನಲ್ಲಿ ಬೇಸ್‌ಗಳ ನಡುವೆ 60 ಅಡಿ. ದೂರ ಕಡಿಮೆ, ಆದರೆ ಓಡುವವಳಿಗೂ ಹಾದಿ ಅಷ್ಟೇ ಕಡಿಮೆ. ಅವಸರದಲ್ಲಿ ಎಸೆದ ಬಾಲ್ ಎಡಕ್ಕೆ ಹೋಗುತ್ತದೆ, ಬಲಕ್ಕೆ ಹೋಗುತ್ತದೆ, ನಿಮ್ಮ ಕಾಲ ಮುಂದೆ ಪುಟಿಯುತ್ತದೆ. ಆ ಕೆಟ್ಟ ಥ್ರೋವನ್ನು ಔಟ್ ಮಾಡಿ ಕೊಡುವುದೇ ನಿಮ್ಮ ಕೆಲಸ. ನೀವು ಹಿಡಿಯುತ್ತೀರಿ ಅನ್ನೋ ಧೈರ್ಯ ಬಂದರೆ ಉಳಿದ ಮೂವರು ಇನ್‌ಫೀಲ್ಡರ್‌ಗಳು (ಸೆಕೆಂಡ್ ಬೇಸ್, ಥರ್ಡ್ ಬೇಸ್, ಶಾರ್ಟ್‌ಸ್ಟಾಪ್) ಕೈ ಬಿಗಿ ಹಿಡಿಯದೆ ಎಸೆಯುತ್ತಾರೆ. ಆಗ ಅವರ ಥ್ರೋನೂ ಸುಧಾರಿಸುತ್ತದೆ. ಇದನ್ನು ನಾನು ಪ್ರತಿ ವರ್ಷ ಕಣ್ಣಾರೆ ನೋಡುತ್ತೇನೆ.

ಬೇಸ್ ಹುಡುಕುವ ಪಾಠ

ಮೊದಲ ವಾರ ನಾನು ಮಿಟ್, ಅಂದರೆ ಬಾಲ್ ಹಿಡಿಯುವ ತೊಗಲಿನ ಕೈಗವಸು, ಕೊಡುವುದೇ ಇಲ್ಲ. ಬಾಲೂ ಇಲ್ಲ. ಒಂದು ಗೋಣಿಚೀಲವನ್ನು ಮಡಚಿ, ಒಳಗೆ ಮಣ್ಣು ತುಂಬಿ, ಹೊಲಿದು ಬೇಸ್ ಮಾಡಿಟ್ಟಿದ್ದೇನೆ. ಶಾಲೆಗೆ ಬಂದ ಒಳ್ಳೆ ಬೇಸ್ ಪಂದ್ಯಕ್ಕೆ ಮಾತ್ರ.

ಬೇಸ್ ಮೇಲೆ ಎದುರಾಳಿ ರನ್ನರ್ ಇಲ್ಲದಿದ್ದಾಗ ನೀವು ಬೇಸ್‌ಗೆ ಅಂಟಿಕೊಂಡು ನಿಲ್ಲಬಾರದು. ಹೋಮ್ ಪ್ಲೇಟ್‌ನಿಂದ ಫಸ್ಟ್ ಬೇಸ್‌ಗೆ ಎಳೆದ ಗೆರೆಯಿಂದ ಒಳಗೆ ಐದಾರು ಹೆಜ್ಜೆ, ಬೇಸ್‌ಬಾಲ್ ಆದರೆ ಇನ್ನೂ ಜಾಸ್ತಿ, ಮತ್ತೆ ಬೇಸ್‌ಗಿಂತ ಹಿಂದೆ. ಬಾಲ್ ಬೇರೆ ಕಡೆ ಹೋಯಿತು ಅಂತ ಕಂಡ ಕೂಡಲೇ ಬೇಸ್‌ಗೆ ಓಡಬೇಕು. ಓಡುವಾಗ ಕಣ್ಣು ಬೇಸ್ ಮೇಲೆ. ಮುಟ್ಟಿದ ಮೇಲೆ ತಿರುಗಿ ನಿಲ್ಲಿ, ಆಗ ಕಣ್ಣು ಎಸೆಯುವವಳ ಮೇಲೆ. ಹೆಚ್ಚಿನವರು ಬಾಲ್ ನೋಡುತ್ತಲೇ ಹಿಂದೆ ಸರಿಯುತ್ತಾರೆ, ಕಾಲಿನಿಂದ ಬೇಸ್ ತಡಕಾಡುತ್ತಾರೆ, ಅಷ್ಟರಲ್ಲಿ ಥ್ರೋ ಬಂದಿರುತ್ತದೆ.

ಹೋದ ವರ್ಷ ಒಬ್ಬ ಎಂಟನೇ ಕ್ಲಾಸಿನ ಹುಡುಗಿ ಕೇಳಿದಳು: "ಟೀಚರ್, ತಿರುಗಿ ನಿಂತ ಮ್ಯಾಲ ಬೇಸ್ ಎಲ್ಲೈತಿ ಅಂತ ಹೆಂಗ ಗೊತ್ತಾಗಬೇಕ್ರಿ? ಹಿಂದ ಕಣ್ಣದಾವೇನ್ರಿ?" ಒಳ್ಳೆ ಪ್ರಶ್ನೆ. ಅವಳ ದುಪಟ್ಟಾದಿಂದಲೇ ಕಣ್ಣು ಕಟ್ಟಿದೆ. ಆರು ಹೆಜ್ಜೆ ದೂರದಿಂದ ನಡೆದು ಬಂದು ಬೇಸ್ ಮುಟ್ಟು ಅಂದೆ. ಮೊದಲ ದಿನ ಗೋಣಿಚೀಲ ದಾಟಿ ಬೇಲಿ ಕಡೆ ಹೋದಳು. ನಾಲ್ಕನೇ ದಿನ ಓಡಿ ಬಂದು, ಎರಡೂ ಹಿಮ್ಮಡಿ ಬೇಸ್‌ನ ಅಂಚಿಗೆ ತಾಗಿಸಿ, ತಿರುಗಿ ನಿಂತಳು. ಕಣ್ಣು ಕಟ್ಟಿಯೇ ಇತ್ತು. ಈಗ ಅವಳಿಗೆ ಬೇಸ್ ಎಲ್ಲಿದೆ ಅಂತ ಯಾರೂ ಹೇಳಬೇಕಿಲ್ಲ. ಮನೆ ಅಂಗಳದಲ್ಲೂ ಇದನ್ನು ಮಾಡಬಹುದು, ಒಂದು ಹಳೆ ಟವೆಲ್ ಮಡಚಿ ಇಟ್ಟರೆ ಸಾಕು.

ಮೊದಲೇ ಚಾಚಬೇಡಿ

ಇಲ್ಲಿ ನಾನು ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ತಪ್ಪುವುದು ಇಲ್ಲೇ.

ಟಿವಿಯಲ್ಲಿ, ಮೊಬೈಲ್‌ನಲ್ಲಿ ನೋಡುವ ಫಸ್ಟ್ ಬೇಸ್‌ಮನ್ ಒಂದು ಕಾಲು ಬೇಸ್ ಮೇಲಿಟ್ಟು, ಇನ್ನೊಂದನ್ನು ಉದ್ದಕ್ಕೆ ಚಾಚಿ, ಮೈಯೆಲ್ಲ ನೆಲಕ್ಕೆ ತಾಗುವಂತೆ ಬಾಗಿ ಬಾಲ್ ಹಿಡಿಯುತ್ತಾನೆ. ನೋಡಲು ಚೆಂದ. ಮಕ್ಕಳು ಮೊದಲು ಕಲಿಯುವುದೂ ಅದನ್ನೇ. ನಾನೂ ಅದನ್ನೇ ಕಲಿತಿದ್ದೆ.

ಹುಬ್ಬಳ್ಳಿಯಲ್ಲಿ ಒಂದು ಅಂತರ ಕಾಲೇಜು ಪಂದ್ಯ. ಕೊನೆಯ ಇನ್ನಿಂಗ್ಸ್, ಇಬ್ಬರು ಔಟ್, ನಾವು ಒಂದು ರನ್ ಮುಂದೆ. ಸೆಕೆಂಡ್, ಥರ್ಡ್ ಎರಡರಲ್ಲೂ ಎದುರಾಳಿಗಳಿದ್ದರು. ಶಾರ್ಟ್‌ಸ್ಟಾಪ್ ಕಡೆ ಸುಲಭದ ಬಾಲ್ ಹೋಯಿತು. ಅವಳು ಅದನ್ನು ಎತ್ತುವ ಹೊತ್ತಿಗೇ ನಾನು ಪೂರ್ತಿ ಚಾಚಿ ಕೂತಿದ್ದೆ, ಬಲಗಾಲು ಮುಂದೆ, ಮಿಟ್ ಮುಂದೆ. ಥ್ರೋ ಬಂದದ್ದು ಹೋಮ್ ಪ್ಲೇಟ್ ಕಡೆಗೆ, ನನ್ನಿಂದ ಮೂರು ಅಡಿ ಪಕ್ಕಕ್ಕೆ. ನಿಂತಿದ್ದರೆ ಒಂದು ಹೆಜ್ಜೆ. ಚಾಚಿದ್ದರಿಂದ ಅಲುಗಾಡಲೂ ಆಗಲಿಲ್ಲ. ಬಾಲ್ ನನ್ನ ಕಣ್ಣೆದುರೇ ಹೋಯಿತು. ಎರಡು ರನ್ ಬಂದವು, ಪಂದ್ಯ ಹೋಯಿತು. ಎಲ್ಲರೂ ಶಾರ್ಟ್‌ಸ್ಟಾಪ್‌ಗೆ ಬೈದರು. ನಮ್ಮ ಸರ್ ಮಾತ್ರ ನನ್ನ ಹತ್ತಿರ ಬಂದು ಮೆತ್ತಗೆ ಕೇಳಿದರು: "ಬಾಲ್ ಎಲ್ಲಿ ಬರತೈತಿ ಅಂತ ಗೊತ್ತಾಗೂಕಿಂತ ಮೊದ್ಲ ಯಾಕ ಕಾಲ್ ಚಾಚಿದಿ, ತಂಗಿ?" ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

ಕ್ರಮ ಹೀಗಿರಲಿ. ಬೇಸ್‌ನ ಅಂಚಿಗೆ ಎರಡೂ ಹಿಮ್ಮಡಿ ತಾಗಿಸಿ, ಎಸೆಯುವವಳಿಗೆ ಎದೆ ತೋರಿಸಿ, ಮೊಣಕಾಲು ಸಡಿಲ ಬಿಟ್ಟು ನಿಲ್ಲಿ. ಬಾಲ್ ಅವಳ ಕೈ ಬಿಡಲಿ. ಯಾವ ಕಡೆ ಬರುತ್ತಿದೆ ಅಂತ ಕಣ್ಣಿಗೆ ಕಾಣಲಿ. ಆಮೇಲೆ ಎಸೆಯುವ ಕೈ ಕಡೆಯ ಕಾಲು ಬೇಸ್‌ನ ಅಂಚಿಗೆ, ಮಿಟ್ ಇರುವ ಕಡೆಯ ಕಾಲು ಬಾಲ್ ಕಡೆಗೆ. ಬಲಗೈಯವರಾದರೆ ಬಲಗಾಲು ಬೇಸ್‌ಗೆ, ಎಡಗಾಲು ಮುಂದಕ್ಕೆ. ಎಡಗೈಯವರಿಗೆ ಉಲ್ಟಾ. ಬಾಲ್ ಹತ್ತಿರ ಬಂದಾಗ ಕೊನೆಯ ಗಳಿಗೆಯಲ್ಲಿ ಚಾಚಿ. ಥ್ರೋ ಬೇಗ ಬಂದು ರನ್ನರ್ ಇನ್ನೂ ದೂರ ಇದ್ದರೆ ಚಾಚುವುದೇ ಬೇಡ, ಸುಮ್ನೆ ನಿಂತು ಹಿಡಿಯಿರಿ.

ಕೈಗೆ ಸಿಗದಷ್ಟು ಪಕ್ಕಕ್ಕೆ ಬಂದರೆ? ಬೇಸ್ ಬಿಟ್ಟುಬಿಡಿ, ಬಾಲ್ ಹಿಡಿಯಿರಿ. ಬೇಸ್ ಬಿಟ್ಟರೆ ರನ್ನರ್‌ಗೆ ಒಂದು ಬೇಸ್ ಸಿಗುತ್ತದೆ. ಬಾಲ್ ಬಿಟ್ಟರೆ ಎರಡು ಸಿಗುತ್ತದೆ, ಮುಂದಿನ ಬೇಸ್‌ಗಳಲ್ಲಿ ಇದ್ದವರು ಹೋಮ್ ಪ್ಲೇಟ್ ಸೇರುತ್ತಾರೆ.

ಕಾಲನ್ನು ಬೇಸ್‌ನ ನಡುವೆ ಇಡಬೇಡಿ ಅಂತ ಮಕ್ಕಳಿಗೆ ದಿನಾ ಹೇಳುತ್ತೇನೆ. ಅಂಚಿಗೆ ಬೆರಳಿನ ಬುಡ ತಾಗಿದರೆ ಸಾಕು. ಓಡಿ ಬರುವವಳು ಬೇಸ್ ತುಳಿಯಲು ಬರುತ್ತಾಳೆ, ನಿಮ್ಮ ಕಾಲು ಅಲ್ಲಿದ್ದರೆ ಕಾಲನ್ನೇ ತುಳಿಯುತ್ತಾಳೆ. ನನ್ನ ಹಿಮ್ಮಡಿ ಮೇಲೆ ಈಗಲೂ ಸ್ಪೈಕ್‌ನ, ಅಂದರೆ ಬೂಟಿನ ಅಡಿಯ ಮೊಳೆಯ, ಗುರುತಿದೆ, ಆರು ವಾರ ಕುಂಟಿದ್ದೆ. ಸಾಫ್ಟ್‌ಬಾಲ್‌ನಲ್ಲಿ ಈಗ ಜೋಡಿ ಬೇಸ್ ಬಂದಿದೆ: ಬಿಳಿ ಭಾಗ ನಿಮ್ಮದು, ಗೆರೆಯ ಹೊರಗಿನ ಕಿತ್ತಳೆ ಭಾಗ ಓಡುವವರದ್ದು. ನಿಮ್ಮ ಮೈದಾನದಲ್ಲಿ ಅದು ಇಲ್ಲದಿದ್ದರೆ ಪಕ್ಕದಲ್ಲಿ ಇನ್ನೊಂದು ಗೋಣಿಚೀಲ ಇಡಿ. ಅಭ್ಯಾಸಕ್ಕಂತೂ ಇಟ್ಟೇ ಇಡಿ.

ಎರೆ ಮಣ್ಣಿನ ಪುಟಿತ

ಕೆಳಗೆ ಬರುವ ಥ್ರೋ ಬಗ್ಗೆ. ನಾನು ಆಡಿ ಬೆಳೆದದ್ದು ಧಾರವಾಡದ ಮಸಾರಿ ಮಣ್ಣಿನಲ್ಲಿ. ರೋಲರ್ ಎಳೆದರೆ ಸಪಾಟಾಗುತ್ತದೆ, ಬಾಲ್ ಹೇಳಿದ ಹಾಗೆ ಪುಟಿಯುತ್ತದೆ. ಈಗ ಕಲಿಸುವ ಮೈದಾನ ಎರೆ ಮಣ್ಣು. ಏಪ್ರಿಲ್‌ನಲ್ಲಿ ಬೆರಳು ತೂರುವಷ್ಟು ಬಿರುಕು ಬಿಡುತ್ತದೆ. ಬಿರುಕಿನ ಅಂಚಿಗೆ ಬಿದ್ದ ಬಾಲ್ ಎತ್ತ ಹೋಗುತ್ತದೆ ಅಂತ ದೇವರಿಗೇ ಗೊತ್ತು. ಆದರೆ ಎರೆ ಮಣ್ಣು ಒಂದು ವಿಷಯ ಚೆನ್ನಾಗಿ ಕಲಿಸಿತು: ಅರ್ಧ ಪುಟಿದ ಬಾಲ್‌ಗೆ ಕಾಯಬಾರದು.

ನಿಮ್ಮ ಮುಂದೆ ಬೀಳುವ ಬಾಲ್ ಮೂರು ಥರ. ನೆಲಕ್ಕೆ ಬಿದ್ದ ಜಾಗದಲ್ಲೇ, ಏಳುವ ಮೊದಲೇ ಹಿಡಿಯುವಂಥದ್ದು ಒಂದು. ದೂರ ಬಿದ್ದು, ಎದ್ದು, ಎದೆ ಮಟ್ಟಕ್ಕೆ ಬರುವುದು ಇನ್ನೊಂದು. ಇವೆರಡೂ ಪರವಾಗಿಲ್ಲ. ಕೆಡಿಸುವುದು ನಡುವಿನದು, ಅರ್ಧ ಎದ್ದ ಬಾಲ್. ಅದಕ್ಕೆ ಅವಕಾಶ ಕೊಡಬೇಡಿ. ಒಂದೋ ಮುಂದೆ ಚಾಚಿ ಬಿದ್ದಲ್ಲೇ ಹಿಡಿಯಿರಿ, ಇಲ್ಲ ಹಿಂದೆ ನಿಂತು ಪೂರ್ತಿ ಏಳಲು ಬಿಡಿ. ಬಿದ್ದಲ್ಲೇ ಹಿಡಿಯುವಾಗ ಮಿಟ್ ನೆಲಕ್ಕೆ ತಾಗಿರಲಿ, ಮಿಟ್‌ನ ಬಾಯಿ ತೆರೆದಿರಲಿ, ಬಾಲ್ ಬಂದಾಗ ಕೈ ಮುಂದಕ್ಕೆ ಹೋಗಲಿ. ಹಿಂದಕ್ಕೆ ಎಳೆದುಕೊಂಡರೆ ಬಾಲ್ ಮಿಟ್ ದಾಟಿ ಹೋಗುತ್ತದೆ. ಮೇಲಿಂದ ಕೆಳಕ್ಕೆ ಮಿಟ್ ತಂದರೆ ತಡವಾಗುತ್ತದೆ, ಕೆಳಗಿನಿಂದ ಮೇಲೆ ತರುವುದು ಸುಲಭ. ಹಿಟ್ಟಿನ ಡಬ್ಬಿಗೆ ಬಟ್ಟಲು ಹಾಕಿ ಹಿಟ್ಟು ತೆಗೆಯುತ್ತೀರಲ್ವಾ, ಅದೇ ಕೈ ಚಲನೆ.

ಮುಖ ತಿರುಗಿಸುವ ಅಭ್ಯಾಸ ಎಲ್ಲರಿಗೂ ಇರುತ್ತದೆ. ಬೈದರೆ ಹೋಗುವುದಿಲ್ಲ. ಹಳೆ ಟೆನಿಸ್ ಬಾಲ್ ತಗೊಳ್ಳಿ, ಇಬ್ಬರೂ ಮೊಣಕಾಲೂರಿ ಹದಿನೈದು ಅಡಿ ದೂರ ಕೂತು, ಒಬ್ಬರ ಮುಂದೆ ಒಬ್ಬರು ಪುಟಿಸಿ. ಬರಿಗೈಲಿ ದಿನಕ್ಕೆ ಐವತ್ತು. ಮೆತ್ತಗೆ ಪುಟಿದ ಟೆನಿಸ್ ಬಾಲ್‌ಗೆ ಅಷ್ಟು ಹೆದರಬೇಕಿಲ್ಲ ಅಂತ ಮೈಗೆ ಗೊತ್ತಾಗಬೇಕು. ಮೂರು ವಾರದಲ್ಲಿ ಕಣ್ಣು ಮುಚ್ಚುವುದು ನಿಲ್ಲುತ್ತದೆ. ಜೊತೆಗೆ ಯಾರೂ ಇಲ್ಲದಿದ್ದರೆ ಗೋಡೆ ಇದೆ.

ದೊಡ್ಡವರೂ ಹೀಗೇ ಕಲಿತದ್ದು. ಸ್ಕಾಟ್ ಹ್ಯಾಟ್‌ಬರ್ಗ್ ಅಮೆರಿಕದ ಅತಿ ದೊಡ್ಡ ಬೇಸ್‌ಬಾಲ್ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಕ್ಯಾಚರ್ ಆಗಿದ್ದವರು. ಮೊಣಕೈ ನರಕ್ಕೆ ಪೆಟ್ಟಾಗಿ ಮೊದಲಿನಂತೆ ಎಸೆಯಲು ಆಗಲಿಲ್ಲ. 2002ಕ್ಕೆ ಓಕ್ಲಂಡ್ ತಂಡ ಅವರನ್ನು ಫಸ್ಟ್ ಬೇಸ್‌ಗೆ ತಗೊಂಡಿತು. ಆ ಚಳಿಗಾಲ ಅವರು ಮನೆ ಹತ್ತಿರದ ಟೆನಿಸ್ ಕೋರ್ಟಿನಲ್ಲಿ ಹೆಂಡತಿ ಹೊಡೆದ ಬಾಲ್ ಹಿಡಿದು ಅಭ್ಯಾಸ ಮಾಡಿದರು. ಆಮೇಲೆ ಇನ್‌ಫೀಲ್ಡ್ ಕೋಚ್ ರಾನ್ ವಾಷಿಂಗ್ಟನ್ ತಿದ್ದಿದರು. ಅದೇ ವರ್ಷ ಸೆಪ್ಟೆಂಬರ್ 4ರಂದು ತಂಡದ ಸತತ 20ನೇ ಗೆಲುವು ಬಂದದ್ದು ಅವರ ಹೋಮ್ ರನ್‌ನಿಂದ, ಅಂದರೆ ಒಂದೇ ಹೊಡೆತಕ್ಕೆ ಎಲ್ಲ ಬೇಸ್ ಸುತ್ತಿ ಬರುವ ರನ್‌ನಿಂದ.

ಹಾಗೆ ನೋಡಿದರೆ ಬೇರೆ ಜಾಗದಿಂದ ಇಲ್ಲಿಗೆ ಬಂದವರೇ ಜಾಸ್ತಿ. ಜಪಾನಿನ ಸದಹರು ಓ 1959ರಲ್ಲಿ ಯೊಮಿಯುರಿ ಜೈಂಟ್ಸ್ ಸೇರಿದ್ದು ಪಿಚರ್ ಆಗಿ. ಫಸ್ಟ್ ಬೇಸ್‌ಗೆ ಬಂದು 1980ರವರೆಗೆ ಆಡಿ 868 ಹೋಮ್ ರನ್ ಹೊಡೆದರು. 1947ರ ಏಪ್ರಿಲ್ 15ರಂದು ಜಾಕಿ ರಾಬಿನ್ಸನ್ ಬ್ರೂಕ್ಲಿನ್ ಡಾಡ್ಜರ್ಸ್ ಪರ ಮೈದಾನಕ್ಕಿಳಿದು ಕಪ್ಪು ಜನರಿಗೆ ಮೇಜರ್ ಲೀಗ್‌ನ ಬಾಗಿಲು ತೆರೆದರಲ್ಲ, ಆವತ್ತು ಅವರು ನಿಂತದ್ದು ಫಸ್ಟ್ ಬೇಸ್‌ನಲ್ಲಿ. ಅದು ಅವರಿಗೆ ಹೊಸ ಜಾಗ. ಅದೇ ಆಗಸ್ಟ್‌ನಲ್ಲಿ ಎದುರಾಳಿಯೊಬ್ಬನ ಸ್ಪೈಕ್ ಅವರ ಕಾಲಿಗೂ ಬಿತ್ತು. ಇಡೀ ವರ್ಷ ಬೈಗುಳ ತಿನ್ನುತ್ತಾ, ಗೊತ್ತಿಲ್ಲದ ಜಾಗವನ್ನು ಕಲಿಯುತ್ತಾ ಆಡಿದ ಮನುಷ್ಯ. ನನ್ನ ಮಕ್ಕಳು "ನಂಗ ಈ ಜಾಗ ಬ್ಯಾಡ್ರಿ" ಅಂದಾಗ ನಾನು ಹೇಳುವುದು ಇವರ ಕಥೆ.

ಪಿಚರ್‌ಗೆ ಕೊಡುವ ಬಾಲ್

ನಿಮ್ಮ ಬಲಗಡೆಗೆ, ಬೇಸ್‌ನಿಂದ ದೂರ ಬಾಲ್ ಬಂತು. ನೀವು ಹೋಗಿ ಹಿಡಿದಿರಿ. ಈಗ ಬೇಸ್‌ನಲ್ಲಿ ಯಾರೂ ಇಲ್ಲ. ಪಿಚರ್ ಓಡಿ ಬರಬೇಕು, ನೀವು ಕೊಡಬೇಕು. ಸ್ಕೋರ್ ಬರೆಯುವವರು ಇದನ್ನು 3-1 ಅಂತ ಬರೆಯುತ್ತಾರೆ, ಫಸ್ಟ್ ಬೇಸ್‌ನ ನಂಬರ್ 3, ಪಿಚರ್‌ದು 1. ಬಾಲ್ ಹಿಡಿದ ಕೈ ಮಿಟ್‌ನಿಂದ ಹೊರಗೆ ಬರಲಿ, ಪಿಚರ್‌ಗೆ ಬಾಲ್ ಕಾಣಲಿ. ಕೆಳಗಿನಿಂದ, ಮಣಿಕಟ್ಟು ಬಗ್ಗಿಸದೆ, ಎದೆ ಮಟ್ಟಕ್ಕೆ ಹಾಕಿ. ಅವಳು ಬೇಸ್ ಮುಟ್ಟುವ ಎರಡು ಹೆಜ್ಜೆ ಮೊದಲೇ ಸಿಗಬೇಕು, ಆಗ ಬಾಲ್ ಹಿಡಿದು ಕಣ್ಣನ್ನು ಬೇಸ್ ಕಡೆ ತಿರುಗಿಸಲು ಅವಳಿಗೆ ಪುರುಸೊತ್ತು. ಪಕ್ಕದಲ್ಲೇ ಇದ್ದಾಳೆ ಅಂತ ಜೋರಾಗಿ ಎಸೆಯಬೇಡಿ.

ಇದು ಸಣ್ಣ ಕೆಲಸ, ದಿನಾ ಆಗುವಂಥದ್ದು. ಫಸ್ಟ್ ಬೇಸ್ ಕಾಯುತ್ತಿದ್ದ ಲೂ ಗೆರಿಗ್ 1925ರ ಜೂನ್ 1ರಿಂದ ನ್ಯೂಯಾರ್ಕ್ ಯಾಂಕೀಸ್ ಪರ ಒಂದೂ ಪಂದ್ಯ ತಪ್ಪಿಸದೆ 2,130 ಪಂದ್ಯ ಆಡಿದರು. 493 ಹೋಮ್ ರನ್, ಜೀವಮಾನದ ಬ್ಯಾಟಿಂಗ್ ಸರಾಸರಿ .340, ಅಂದರೆ ನೂರು ಅವಕಾಶಕ್ಕೆ 34 ಹಿಟ್, ಹೊಡೆದು ಬೇಸ್ ಸೇರಿದ್ದು. 1939ರ ವಸಂತದಲ್ಲಿ ಮೈ ಮಾತು ಕೇಳದಾಯಿತು. ಏಪ್ರಿಲ್ 30ರ ಪಂದ್ಯದಲ್ಲಿ ಇಂಥದ್ದೇ ಒಂದು ಬಾಲ್ ಹಿಡಿದು ಪಿಚರ್‌ಗೆ ಕೊಟ್ಟರು. ತಂಡದವರು ದೊಡ್ಡ ಸಾಹಸ ಮಾಡಿದ ಹಾಗೆ ಹೊಗಳಿದರಂತೆ. ಇಷ್ಟು ಸಣ್ಣ ಕೆಲಸಕ್ಕೆ ಹೊಗಳುತ್ತಾರೆ ಅಂದರೆ ತನ್ನ ಆಟ ಮುಗಿಯಿತು ಅಂತ ಅವರಿಗೆ ತಿಳಿಯಿತು. ಮುಂದಿನ ಪಂದ್ಯಕ್ಕೆ, ಮೇ 2ರಂದು, ತಾವೇ ಹೊರಗೆ ಉಳಿದರು. ನರಗಳನ್ನು ತಿನ್ನುವ ಎ.ಎಲ್.ಎಸ್. ಕಾಯಿಲೆ ಅದು. 1941ರ ಜೂನ್ 2ರಂದು ತೀರಿಕೊಂಡರು, ವಯಸ್ಸು 37. ಮಕ್ಕಳು 3-1 ಅಭ್ಯಾಸ ಮಾಡುವಾಗ ನನಗೆ ಅವರ ನೆನಪು ಬಾರದೆ ಇರುವುದಿಲ್ಲ.

ಎಡಚರಿಗೆ ಒಂದು ಮಾತು

ನಾನು ಎಡಚಿ. ಊಟಕ್ಕೆ ಎಡಗೈ ಚಾಚಿದರೆ ಅಜ್ಜಿ ಕೈ ಮೇಲೆ ಹೊಡೆಯುತ್ತಿದ್ದಳು. ಆದರೆ ಈ ಜಾಗದಲ್ಲಿ ಎಡಗೈ ದೊಡ್ಡ ವರ. ಇನ್‌ಫೀಲ್ಡ್ ಕಡೆ ಮುಖ ಮಾಡಿ ನಿಂತರೆ ಸೆಕೆಂಡ್ ಬೇಸ್ ನಿಮ್ಮ ಬಲಕ್ಕಿದೆ. ಎಡಚರಿಗೆ ಮಿಟ್ ಬಲಗೈಲಿ, ಹಾಗಾಗಿ ಫಸ್ಟ್ ಮತ್ತು ಸೆಕೆಂಡ್ ನಡುವಿನ ಸಂದಿಗೆ ಕೈ ಬೇಗ ಹೋಗುತ್ತದೆ. ಬಾಲ್ ಹಿಡಿದ ಮೇಲೆ ಸೆಕೆಂಡ್‌ಗೆ ಎಸೆಯಲು ಮೈ ತಿರುಗಿಸಬೇಕಿಲ್ಲ. ಬಲಗೈಯವರು ಅರ್ಧ ಸುತ್ತು ತಿರುಗಬೇಕು. ಬಂಟ್ ಬಾಲ್‌ಗೆ, ಅಂದರೆ ಬ್ಯಾಟ್ ಬೀಸದೆ ಮೆತ್ತಗೆ ತಾಗಿಸಿದ ಬಾಲ್‌ಗೆ, ಮುಂದೆ ಓಡಿ ಥರ್ಡ್‌ಗೆ ಎಸೆಯುವಾಗಲೂ ಇದೇ ಲಾಭ. ಮೇಜರ್ ಲೀಗ್‌ನ ಫಸ್ಟ್ ಬೇಸ್‌ಮನ್ ಕೀತ್ ಹರ್ನಾಂಡೆಜ್ ಎಡಗೈಯವರು. 1978ರಿಂದ 1988ರವರೆಗೆ ಒಳ್ಳೆ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೋವ್ ಪ್ರಶಸ್ತಿಯನ್ನು ಸತತ 11 ಸಲ ಗೆದ್ದರು. ಬ್ಯಾಟರ್ ಬಂಟ್ ಮಾಡುತ್ತಾನೆ ಅನ್ನಿಸಿದರೆ ಸಾಕು, ಹೋಮ್ ಪ್ಲೇಟ್ ಹತ್ತಿರ ಬಂದುಬಿಡುತ್ತಿದ್ದರು.

ಬಲಗೈಯವರು ಹೆದರಬೇಕಿಲ್ಲ. ಗೆರಿಗ್, ಪೂಹೋಲ್ಸ್ ಎಲ್ಲ ಬ್ಯಾಟಿಂಗ್‌ನಿಂದ ಹೆಸರಾದವರು. ಗೆರಿಗ್ ಎಡಗೈ, 703 ಹೋಮ್ ರನ್ ಹೊಡೆದ ಆಲ್ಬರ್ಟ್ ಪೂಹೋಲ್ಸ್ ಬಲಗೈ. ದುಡ್ಡಿಗಾಗಿ ಆಡುವ ಲೀಗ್‌ಗಳಲ್ಲಿ ಫಸ್ಟ್ ಬೇಸ್‌ನವರಿಂದ ರನ್ ಕೇಳುತ್ತಾರೆ. ಬ್ಯಾಟ್ ಬೀಸದ ಫಸ್ಟ್ ಬೇಸ್‌ಮನ್ ಅಲ್ಲಿ ಬಹಳ ದಿನ ಉಳಿಯುವುದಿಲ್ಲ. ಆದ್ದರಿಂದ ದಿನದ ಅಭ್ಯಾಸದಲ್ಲಿ ಅರ್ಧ ಬ್ಯಾಟಿಂಗ್‌ಗೆ ಇಡಿ.

"ಇದನ್ನ ಆಡಿ ಹೊಟ್ಟಿ ತುಂಬತೈತೇನ್ರಿ?" ಅಂತ ಪಾಲಕರು ಕೇಳುತ್ತಾರೆ. ಸುಳ್ಳು ಹೇಳಲಾರೆ. ಬೇಸ್‌ಬಾಲ್ ಆಡಿ ಸಂಸಾರ ನಡೆಸುವ ದಾರಿ ನಮ್ಮಲ್ಲಿ ಇನ್ನೂ ಗಟ್ಟಿಯಾಗಿಲ್ಲ. 2008ರಲ್ಲಿ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, ಈಟಿ ಎಸೆಯುತ್ತಿದ್ದ ಹುಡುಗರು, ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡರು. ಇಬ್ಬರೂ ಪಿಚರ್‌ಗಳು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಬೇಸ್‌ಬಾಲ್, ಸಾಫ್ಟ್‌ಬಾಲ್ ಮತ್ತೆ ಬರುತ್ತಿವೆ. ಸದ್ಯಕ್ಕೆ ಓದು ಬಿಡಿಸಬೇಡಿ, ಆಟವನ್ನೂ ಬಿಡಿಸಬೇಡಿ ಅಂತ ಕೇಳಿಕೊಳ್ಳುತ್ತೇನೆ. ಭಾರತ ಕ್ರಿಕೆಟ್ ತಂಡಕ್ಕೆ ಆಡಿದ ಗದಗದ ಸುನೀಲ್ ಜೋಶಿ ಹುಡುಗನಾಗಿದ್ದಾಗ ನಸುಕಿನಲ್ಲೇ ಹುಬ್ಬಳ್ಳಿಗೆ ಹೋಗಿ ಕ್ರಿಕೆಟ್ ಅಭ್ಯಾಸ ಮುಗಿಸಿ, ವಾಪಸ್ ಬಂದು ಶಾಲೆಗೆ ಹೋಗುತ್ತಿದ್ದರು. ನಮ್ಮೂರ ಪಾಲಕರಿಗೆ ಈ ಕಥೆ ಬೇಗ ತಾಗುತ್ತದೆ.

ಬಾಲ್ ಬಿಟ್ಟ ಮೇಲೆ

ಬಿಡುತ್ತೀರಿ. ಎಲ್ಲರೂ ಬಿಡುತ್ತಾರೆ. 1986ರ ಅಕ್ಟೋಬರ್ 25, ಮೇಜರ್ ಲೀಗ್‌ನ ಫೈನಲ್ ಆದ ವರ್ಲ್ಡ್ ಸೀರೀಸ್‌ನ ಆರನೇ ಪಂದ್ಯ. ಬಾಸ್ಟನ್ ತಂಡದ ಫಸ್ಟ್ ಬೇಸ್‌ಮನ್ ಬಿಲ್ ಬಕ್ನರ್ ಕಾಲ ನಡುವೆ ಬಾಲ್ ನುಸುಳಿ ಹೋಯಿತು, ನ್ಯೂಯಾರ್ಕ್ ಮೆಟ್ಸ್ ಗೆದ್ದಿತು. ಜನ ಜೀವಮಾನವಿಡೀ ಅವರನ್ನು ಅದೊಂದು ಬಾಲ್‌ನಿಂದಲೇ ಅಳೆದರು. ಆ ಬಾಲ್ ಬರುವ ಮೊದಲೇ ಸ್ಕೋರ್ ಸಮ ಆಗಿತ್ತು. ಏಳನೇ ಪಂದ್ಯ ಇನ್ನೂ ಬಾಕಿ ಇತ್ತು. ಕೀಲು ಕೆಟ್ಟ ಕಾಲಿನಲ್ಲಿ ಆ ಮನುಷ್ಯ ವರ್ಷಗಟ್ಟಲೆ ಆಡಿದ್ದರು, ಒಟ್ಟು 2,715 ಹಿಟ್ ಹೊಡೆದಿದ್ದರು. ಹಿಂದಿನ ವರ್ಷವಷ್ಟೇ 184 ಅಸಿಸ್ಟ್ (ಬಾಲ್ ಕೊಟ್ಟು ಬೇರೆಯವರಿಂದ ಔಟ್ ಮಾಡಿಸುವುದು) ಮಾಡಿ ಫಸ್ಟ್ ಬೇಸ್‌ನವರ ದಾಖಲೆ ಮಾಡಿದ್ದರು. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. 2008ರಲ್ಲಿ ಬಾಸ್ಟನ್ ಅವರನ್ನು ಕರೆದು ಮೊದಲ ಬಾಲ್ ಎಸೆಯಲು ಹೇಳಿದಾಗ ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇಪ್ಪತ್ತೆರಡು ವರ್ಷ ತಡವಾಗಿ.

ನಮ್ಮ ತಂಡದಲ್ಲಿ ಒಂದು ಪದ್ಧತಿ ಇಟ್ಟಿದ್ದೇವೆ. ಫಸ್ಟ್ ಬೇಸ್‌ನವಳು ಬಾಲ್ ಬಿಟ್ಟರೆ, ಎಸೆದವಳು ಮೊದಲು "ನಂದ ತಪ್ಪು" ಅನ್ನಬೇಕು. ಇವಳೂ "ಇಲ್ಲ, ನಂದ" ಅನ್ನಬೇಕು. ಅಷ್ಟೇ, ಮುಂದಿನ ಬಾಲ್.

ಇನ್ನು ಮಿಟ್. ಫಸ್ಟ್ ಬೇಸ್ ಮಿಟ್‌ಗೆ ಬೆರಳು ಬೇರೆ ಬೇರೆ ಇರುವುದಿಲ್ಲ, ಬಲೆ ಆಳವಾಗಿರುತ್ತದೆ. ಮೇಜರ್ ಲೀಗ್‌ನಲ್ಲಿ ಉದ್ದ 13 ಇಂಚು ದಾಟಬಾರದು. ಮೀರತ್, ಜಲಂಧರ್ ಕಡೆಯಿಂದ ಬರುವ ಮಿಟ್ ನಮ್ಮ ಅಂಗಡಿಗಳಲ್ಲಿ ಸಿಗುತ್ತದೆ, ಎಡಚರದ್ದು ಮಾತ್ರ ಮೊದಲೇ ಹೇಳಿ ತರಿಸಬೇಕು. ಹೊಸ ಮಿಟ್ ಗಟ್ಟಿಯಾಗಿರುತ್ತದೆ ಅಂತ ಕೊಬ್ಬರಿ ಎಣ್ಣೆ ಸುರಿಯಬೇಡಿ, ತೊಗಲು ಜೋತುಬೀಳುತ್ತದೆ. ಬಟ್ಟೆಗೆ ಒಂದೆರಡು ಹನಿ ಹಾಕಿ ಒರೆಸಿದರೆ ಸಾಕು. ರಾತ್ರಿ ಬಲೆಯೊಳಗೆ ಬಾಲ್ ಇಟ್ಟು, ಮಿಟ್ ಮುಚ್ಚಿ, ಹಳೆ ಬಟ್ಟೆಯಿಂದ ಬಿಗಿಯಾಗಿ ಕಟ್ಟಿಡಿ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ನೆನೆದರೆ ಒಲೆ ಹತ್ತಿರವೂ ಬೇಡ, ಬಿಸಿಲಿಗೂ ಬೇಡ. ಒಳಗೆ ಪೇಪರ್ ತುರುಕಿ ಪಡಸಾಲೆಯಲ್ಲಿ ಗಾಳಿಗೆ ಇಡಿ, ಎರಡು ದಿನ ಬೇಕು. ಆ ಎರಡು ದಿನ ಬರಿಗೈಲಿ ಟೆನಿಸ್ ಬಾಲ್ ಪುಟಿಸಿ.